ಕುಲಾವಿ ಹೊಲಿಯುವವರ ಪರವಾಗಿ

ಹೊಸ ಟ್ಯಾಬ್‌ಗಳು ಯಾವಾಗ ಬರಬಹುದು, ಅವುಗಳಲ್ಲಿ ಏನೇನಿರಬಹುದು, ಬೆಲೆ ಎಷ್ಟಾಗಬಹುದು ಎಂದು ನಾನು ಬರೆದುಕೊಂಡು ಬಂದ ಅಂದಾಜಿನ ಲೇಖನಗಳಿಗೆ ಬಂದ ಆಕ್ಷೇಪಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಕೂತಿದ್ದೇನೆ. ಬರೆದವರಲ್ಲಿ ಅಂಗಡಿ ಇಟ್ಟವರಿದ್ದಾರೆ, ಮೇಷ್ಟ್ರಿದ್ದಾರೆ, ನನ್ನದೇ ವೃತ್ತಿಯ ಹಿರಿಯರೊಬ್ಬರಿದ್ದಾರೆ. ಯಾರೂ ಹಗುರವಾಗಿ ಬರೆದಿಲ್ಲ. ಹಾಗಾಗಿ ನಾನೂ ಒಂದೊಂದನ್ನೇ ಎತ್ತಿಕೊಂಡು ಉತ್ತರ ಕೊಡಬೇಕು.

ಮೊದಲ ಕಾಗದ ನಿವೃತ್ತ ಮೇಷ್ಟ್ರೊಬ್ಬರದು. "ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಇನ್ನೂ ಅಂಗಡಿಗೆ ಬಾರದ ಯಂತ್ರದ ಸುದ್ದಿ ಓದಿ ನಮಗೇನಾಗಬೇಕು?" ಎಂದು ಕೇಳಿದ್ದಾರೆ. ಮೇಷ್ಟ್ರೇ, ಬಸುರಿ ಮಗಳು ತವರಿಗೆ ಬಂದಿರುವ ಮನೆಯಲ್ಲಿ ಅಟ್ಟದ ಮೇಲಿನ ತೊಟ್ಟಿಲು ಇಳಿಸಿ ಒರೆಸುತ್ತಾರೆ, ಹಳೆಯ ಪಂಚೆ ಹರಿದು ಮಡಿಸಿಡುತ್ತಾರೆ. ಹೆರಿಗೆಯ ದಿನ ಯಾರಿಗೂ ಗೊತ್ತಿಲ್ಲ, ತಿಂಗಳು ಮನೆಮಂದಿಗೆಲ್ಲ ಗೊತ್ತು. ಟ್ಯಾಬ್‌ಗಳ ತಿಂಗಳೂ ಹೆಚ್ಚುಕಡಿಮೆ ಹೀಗೇ ಗೊತ್ತಾಗುತ್ತದೆ. 2012, 2013, 2014, 2022, 2024, 2025 – ಈ ಎಲ್ಲ ವರ್ಷಗಳ ಅಕ್ಟೋಬರ್‌ನಲ್ಲಿ ಆಪಲ್ ಹೊಸ ಐಪ್ಯಾಡ್ ತಂದಿದೆ. ನಮ್ಮ ದಸರಾ, ದೀಪಾವಳಿಯ ರಿಯಾಯಿತಿ ಮಾರಾಟಗಳು ಬರುವುದೂ ಅದೇ ಹೊತ್ತಿಗೆ. ಹೊಸದು ಬಾಗಿಲಲ್ಲಿ ನಿಂತಿರುವಾಗ ಹಳೆಯ ಸರಕು ಖಾಲಿಯಾಗುವ ಕಾಲ ಅದು. ಮಾರುವವನಿಗೆ ಇದು ಗೊತ್ತಿರುತ್ತದೆ. ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ನನ್ನ ಕೆಲಸವೆಲ್ಲ ಈ ಅಂತರದ ಮೇಲೆ ನಿಂತಿದೆ.

ಒಂದು ಲೆಕ್ಕ ನೋಡಿ. 2025ರ ಫೆಬ್ರುವರಿಯಲ್ಲಿ ಹತ್ತನೆಯ ತಲೆಮಾರಿನ ಐಪ್ಯಾಡಿನ ಭಾರತದ ನಿಗದಿತ ಬೆಲೆ ₹34,900. ಸಂಗ್ರಹ 64 ಜಿಬಿ, ಚಿಪ್ ಎ14. ಮಾರ್ಚ್ 4ರಂದು ಹನ್ನೊಂದನೆಯ ತಲೆಮಾರು ಪ್ರಕಟವಾಯಿತು. ಬೆಲೆ ಅದೇ ₹34,900, ಆದರೆ ಸಂಗ್ರಹ 128 ಜಿಬಿ, ಚಿಪ್ ಎ16. ಎರಡನ್ನೂ ಅಕ್ಕಪಕ್ಕ ಇಟ್ಟರೆ ಹೊರಗಿನಿಂದ ಗುರುತು ಹಿಡಿಯುವುದು ಕಷ್ಟ. ಫೆಬ್ರುವರಿಯ ಕೊನೆಯಲ್ಲಿ ಪೂರ್ತಿ ದುಡ್ಡು ಕೊಟ್ಟು ಹಳೆಯದನ್ನು ಒಯ್ದವರು ಅದೇ ದುಡ್ಡಿಗೆ ಎರಡು ಪಟ್ಟು ಜಾಗ ಕಳೆದುಕೊಂಡರು. ಹೊಸದು ಬರಲಿದೆ ಎಂಬ ಮಾತು ವಾರಗಳ ಮುಂಚಿನಿಂದ ಇತ್ತು. ಅದನ್ನು ಕನ್ನಡದಲ್ಲಿ ಬರೆದು ತಿಳಿಸುವುದು ವ್ಯರ್ಥ ಕಾಯಕವೆಂದು ನಾನು ಒಪ್ಪುವುದಿಲ್ಲ.

ಇದರಲ್ಲಿ ನನ್ನ ಮನೆಯ ನೋವೂ ಇದೆ. ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನ ಮಗಳಿಗೆ ಓದಿಗೆಂದು ಟ್ಯಾಬ್ ಕೊಡಿಸಬೇಕಾಯಿತು. ಭಾವ ತಾವೇ ಪೇಟೆಗೆ ಹೋಗಿ, ಅಂಗಡಿಯವರು "ಇದಕ್ಕಿಂತ ಹೊಸದು ಇಲ್ಲ ಸಾರ್" ಎಂದದ್ದನ್ನು ನಂಬಿ, ಕಂತಿನ ಮೇಲೆ ತಂದರು. ಎರಡು ವಾರದೊಳಗೆ ಅದರ ಮುಂದಿನ ಮಾಡೆಲ್ ಬಂತು, ಭಾವ ತಂದದ್ದರ ಬೆಲೆ ಸಾವಿರಾರು ರೂಪಾಯಿ ಇಳಿಯಿತು. ಅಂಗಡಿಯವನಿಗೆ ಗೊತ್ತಿತ್ತೋ ಇಲ್ಲವೋ ಎಂದು ವಾದ ಮಾಡಿ ಫಲವಿಲ್ಲ. ಕಂತು ಹನ್ನೆರಡು ತಿಂಗಳು ಓಡಿತು, ಪ್ರತಿ ತಿಂಗಳೂ ಭಾವನಿಗೆ ಆ ಮಾತು ನೆನಪಾಗುತ್ತಿತ್ತು. ನಾನು ಇಂಥ ಲೇಖನ ಬರೆಯಲು ಶುರುಮಾಡಿದ್ದು ಆಮೇಲೆ.

ಎರಡನೆಯ ಆಕ್ಷೇಪ ನನ್ನ ಹಿರಿಯ ಸಹೋದ್ಯೋಗಿಯದು, ಎಲ್ಲಕ್ಕಿಂತ ಗಟ್ಟಿಯಾದದ್ದು: ಈ ಊಹೆಗಳಲ್ಲಿ ಬಹುಪಾಲು ಸುಳ್ಳಾಗುತ್ತವೆ, ಸುಳ್ಳಾದದ್ದನ್ನು ಯಾರೂ ತಿರುಗಿ ನೋಡುವುದಿಲ್ಲ. ಅವರು ಕೊಟ್ಟ ಉದಾಹರಣೆ ಮೈಕ್ರೋಸಾಫ್ಟ್‌ನದು. 2012ರ ಜೂನ್‌ನಲ್ಲಿ ಆ ಕಂಪನಿ ಸರ್ಫೇಸ್ ಟ್ಯಾಬ್ ತೋರಿಸಿತು, ಬೆಲೆ ಹೇಳಲಿಲ್ಲ. ಆಗಸ್ಟ್‌ನಲ್ಲಿ 199 ಡಾಲರ್ ಎಂಬ ಸುದ್ದಿ ಎಲ್ಲೆಡೆ ಓಡಿತು. ಅಕ್ಟೋಬರ್‌ನಲ್ಲಿ ಸರ್ಫೇಸ್ ಆರ್‌ಟಿ ಅಂಗಡಿಗೆ ಬಂದಾಗ 499 ಡಾಲರ್. ಅಂತರ ಮುನ್ನೂರು ಡಾಲರ್! ಇದನ್ನು ನಾನು ಸಮರ್ಥಿಸಲಾರೆ. ಆದರೆ ಆ ಸುದ್ದಿಯನ್ನು ಅವತ್ತೇ ತೂಗಿ ನೋಡಲು ಸಾಧ್ಯವಿತ್ತು. ಹೆಸರು ಹೇಳದ ಮೂಲ, ಹತ್ತೂವರೆ ಅಂಗುಲ ದಾಟಿದ ಪರದೆ, ಅದರ ಮೇಲೆ ಮೈಕ್ರೋಸಾಫ್ಟ್‌ನಿಂದಲೇ ವಿಂಡೋಸ್ ಕೊಂಡು ತಮ್ಮ ಯಂತ್ರಗಳಿಗೆ ಹಾಕುವ ಇತರ ಕಂಪನಿಗಳು. 199ಕ್ಕೆ ಮಾರಿದರೆ ಆ ಗಿರಾಕಿಗಳ ಹೊಟ್ಟೆಯ ಮೇಲೆ ಹೊಡೆದಂತೆ. ಸುದ್ದಿಯನ್ನು ಹೊತ್ತು ಮಾರಿದವರು ಈ ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಅದೇ ಒಳ್ಳೆಯ ಊಹೆಯ ಕೆಲಸವಾಗುತ್ತಿತ್ತು. ಇನ್ನೊಂದು ಮಾತನ್ನೂ ಹಿರಿಯರು ಮರೆಯಬಾರದು: ಮರುವರ್ಷ ಜುಲೈ ಹೊತ್ತಿಗೆ ಮಾರಾಟವಾಗದ ಸರಕಿನ ಬೆಲೆ ಇಳಿಸಿ, ಮೈಕ್ರೋಸಾಫ್ಟ್ 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. 499 ಹೆಚ್ಚಾಯಿತೆಂದು ಜನಕ್ಕೆ ಅನ್ನಿಸಿದ್ದಂತೂ ನಿಜ.

ಅದಕ್ಕೇ ನಾನು ಸುದ್ದಿಗಳನ್ನು ಒಂದೇ ರಾಶಿಗೆ ಹಾಕುವುದಿಲ್ಲ. ಭಾರತೀಯ ಮಾನಕ ಬ್ಯೂರೋದ ನೋಂದಣಿ ಪಟ್ಟಿಯಲ್ಲಿ ಒಂದು ಮಾಡೆಲ್ ಸಂಖ್ಯೆ ಕಂಡರೆ ಅದು ಕಾಗದದ ಮೇಲಿನ ಸಾಕ್ಷಿ. ಟ್ಯಾಬ್‌ಗಳು ಕಡ್ಡಾಯ ನೋಂದಣಿಗೆ ಒಳಪಟ್ಟಿವೆ, ನೋಂದಣಿಯಿಲ್ಲದೆ ಇಲ್ಲಿ ಮಾರುವಂತಿಲ್ಲ. ಆ ಯಂತ್ರ ನಮ್ಮ ದೇಶಕ್ಕೆ ಬರುವ ತಯಾರಿ ನಡೆದಿದೆ ಎಂದಷ್ಟೇ ಅದರಿಂದ ಹೇಳಬಹುದು, ಕ್ಯಾಮೆರಾ ಹೇಗಿದೆ ಎಂದು ಹೇಳಲಾಗದು. ಪರದೆ ತಯಾರಿಸುವ ಕಾರ್ಖಾನೆಗಳ ಕಡೆಯಿಂದ ಬರುವ ಮಾತು ಎರಡನೆಯ ದರ್ಜೆಯದು: ಗಾತ್ರ, ಪರದೆಯ ಬಗೆ ಇಂಥವು ಅಲ್ಲಿಂದ ಬಹುಮಟ್ಟಿಗೆ ಸರಿಯಾಗಿಯೇ ತಿಳಿಯುತ್ತವೆ. ಬೆಲೆ ಮಾತ್ರ ಕಾರ್ಖಾನೆಯವರಿಗೂ ಗೊತ್ತಿರುವುದಿಲ್ಲ. 2024ರ ಐಪ್ಯಾಡ್ ಪ್ರೊ ಇದಕ್ಕೆ ಒಳ್ಳೆಯ ಸಾಕ್ಷಿ. ಓಎಲ್‌ಇಡಿ ಪರದೆ ಬರುತ್ತದೆಂದು ಹೇಳಿದವರು ಗೆದ್ದರು. ಆ ಪರದೆ ದುಬಾರಿ, ಆದ್ದರಿಂದ 11 ಅಂಗುಲದ್ದು 1,500 ಡಾಲರ್ ಆಗಬಹುದು ಎಂದವರು ಸೋತರು. ಬಂದದ್ದು 999 ಡಾಲರ್‌ಗೆ.

ನಾನೂ ತಪ್ಪಿದ್ದೇನೆ. ಮೇಲೆ ಹೇಳಿದ ಹನ್ನೊಂದನೆಯ ಐಪ್ಯಾಡಿನಲ್ಲಿ ಎ17 ಪ್ರೊ ಚಿಪ್ ಇರುತ್ತದೆ, ಆಪಲ್‌ನ ಎಐ ಸೌಲಭ್ಯಗಳು ಅದರಲ್ಲಿ ನಡೆಯುತ್ತವೆ ಎಂಬ ವರದಿ ಆ ವರ್ಷದ ಆರಂಭದಲ್ಲಿತ್ತು. ನಾನು ಅದನ್ನು ನಂಬಿ ಬರೆದೆ. ಬಂದದ್ದು ಎ16, ಎಐ ಇಲ್ಲ. ಮುಂದಿನ ಲೇಖನದ ಮೊದಲ ಪ್ಯಾರಾದಲ್ಲೇ ಹಾಗೆಂದು ಒಪ್ಪಿಕೊಂಡೆ. ತಪ್ಪನ್ನು ತಿರುಗಿ ನೋಡದವರ ಬಗ್ಗೆ ಹಿರಿಯರ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟಿನಲ್ಲಿ ನಾನು ಅವರ ಜೊತೆಗಿದ್ದೇನೆ. ಆದರೆ ಲೆಕ್ಕ ಒಪ್ಪಿಸದವರಿದ್ದಾರೆಂದು ಲೆಕ್ಕ ಬರೆಯುವುದನ್ನೇ ನಿಲ್ಲಿಸಿ ಎಂದರೆ ಹೇಗೆ?

ಇನ್ನು ಅಂಗಡಿಯವರ ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯ ವ್ಯಾಪಾರಿಯೊಬ್ಬರು ಬರೆದದ್ದರಲ್ಲಿ ಸಂಕಟವಿದೆ: "ನೀವು ಬರೆದದ್ದು ಓದಿ ಗಿರಾಕಿ ಕಾಯುತ್ತಾನೆ, ನನ್ನ ದುಡ್ಡು ಸರಕಿನಲ್ಲಿ ಸಿಕ್ಕಿಕೊಳ್ಳುತ್ತದೆ." ಇದನ್ನು ದೊಡ್ಡವರೂ ಹೇಳಿದ್ದಾರೆ. ಬರಲಿರುವ ಐಫೋನ್‌ಗಳ ಬಗ್ಗೆ ಮುಂಚಿತವಾಗಿ ಬರುವ ವರದಿಗಳಿಂದ ಜನ ಖರೀದಿ ತಡೆಹಿಡಿದಿದ್ದಾರೆ ಎಂದು ಆಪಲ್‌ನ ಟಿಮ್ ಕುಕ್ 2017ರ ಮೇ ತಿಂಗಳಲ್ಲಿ ಹೂಡಿಕೆದಾರರ ಮುಂದೆ ವಿವರಿಸಿದರು. ಇದಕ್ಕಿಂತ ಹಳೆಯ ಕಥೆ ಆಸ್ಬರ್ನ್ ಕಂಪನಿಯದು. ಹೊತ್ತೊಯ್ಯಬಹುದಾದ ಕಂಪ್ಯೂಟರ್ ಮಾಡಿ ಹೆಸರಾದ ಆ ಕಂಪನಿ, ಮುಂದಿನ ಮಾಡೆಲ್‌ಗಳ ಸುದ್ದಿಯನ್ನು ಬೇಗ ಹೇಳಿ, ಇದ್ದದ್ದು ಮಾರಾಟವಾಗದೆ 1983ರಲ್ಲಿ ದಿವಾಳಿಯಾಯಿತು ಎಂದು ಇವತ್ತಿಗೂ ಪಾಠ ಹೇಳುತ್ತಾರೆ. ಆದರೆ ಆ ಕಥೆಯಲ್ಲಿ ಬಾಯಿಬಿಟ್ಟದ್ದು ಕಂಪನಿಯ ಮಾಲೀಕರೇ. ಜೊತೆಗೆ ಆಸ್ಬರ್ನ್‌ನ ಪರದೆ ಐದು ಅಂಗುಲದ್ದಾಗಿದ್ದಾಗ, ಪಕ್ಕದಲ್ಲಿ ಕೇಪ್ರೊ ಎಂಬ ಎದುರಾಳಿ ಒಂಬತ್ತು ಅಂಗುಲದ ಪರದೆಯನ್ನು ಕಡಿಮೆ ಬೆಲೆಗೆ ಇಟ್ಟು ಕಾಯುತ್ತಿತ್ತು. ಜನ ಕಾದದ್ದಕ್ಕಿಂತ ಆ ಕಡೆ ಹೋದದ್ದು ಹೆಚ್ಚು ಎಂದೇ ನನ್ನ ಲೆಕ್ಕ.

ವ್ಯಾಪಾರಿ ಮಿತ್ರರಿಗೆ ನನ್ನ ಉತ್ತರ ಇದು. ಹೊಸದು ಬರುವ ಸುದ್ದಿ ನಿಮಗೂ ಬೇಕು. ಯಾವ ಸರಕನ್ನು ಎಷ್ಟು ತರಿಸಬೇಕೆಂದು ನೀವೂ ಅದರ ಮೇಲೇ ತೀರ್ಮಾನಿಸುತ್ತೀರಿ. ನೀವು ಓದಿಕೊಂಡು ಸರಕು ಕಡಿಮೆ ತರಿಸಬಹುದು, ಗಿರಾಕಿ ಓದಿಕೊಂಡು ತಡೆಯಬಾರದು ಎಂದರೆ ನ್ಯಾಯ ಒಂದು ಕಡೆಗೆ ವಾಲುತ್ತದೆ. ಮತ್ತೆ, ಎಲ್ಲರೂ ಕಾಯುವುದಿಲ್ಲ. ಹಳೆಯ ಮಾಡೆಲ್ ಅಗ್ಗವಾಗುವ ಹೊತ್ತು ಗೊತ್ತಾದರೆ ಅದನ್ನೇ ಕೊಳ್ಳುವವರು ಎಷ್ಟೋ ಜನ. ಬ್ಲ್ಯಾಕ್‌ಬೆರಿ ಪ್ಲೇಬುಕ್ 2011ರಲ್ಲಿ ಇಲ್ಲಿಗೆ ಬಂದಾಗ ₹27,990 ಇತ್ತು. ಅದೇ ವರ್ಷದ ಕೊನೆಗೆ ₹13,490ಕ್ಕೆ ಇಳಿಯಿತು. ಎಚ್‌ಪಿ ಟಚ್‌ಪ್ಯಾಡ್ ಅಮೆರಿಕದಲ್ಲಿ ಜುಲೈನಲ್ಲಿ 499 ಡಾಲರ್‌ಗೆ ಬಂದು, ಆಗಸ್ಟ್‌ನಲ್ಲಿ ಕಂಪನಿ ಕೈಬಿಟ್ಟಾಗ 99 ಡಾಲರ್‌ಗೆ ಬಿಕರಿಯಾಯಿತು. ಆ 99ಕ್ಕೆ ಜನ ಸಾಲುಗಟ್ಟಿದರು. ಇಂಥ ಯಂತ್ರಗಳು ಉಳಿಯುವುದಿಲ್ಲ ಎಂದು ಮೊದಲೇ ಅನುಮಾನಪಟ್ಟವರು ದೊಡ್ಡ ಮೊತ್ತ ಉಳಿಸಿಕೊಂಡರು.

"ನೀವು ಕಂಪನಿಗಳಿಗೆ ಬಿಟ್ಟಿ ಜಾಹೀರಾತು ಮಾಡುತ್ತಿದ್ದೀರಿ" ಎಂಬುದು ಇನ್ನೊಂದು. ಇದರಲ್ಲಿ ಅರ್ಧ ನಿಜವಿದೆ, ಅದೂ ಸಣ್ಣ ಅರ್ಧವಲ್ಲ. 2010ರ ಜನವರಿಯಲ್ಲಿ ಮೊದಲ ಐಪ್ಯಾಡ್ ಬರುವ ಮುಂಚೆ ಬೆಲೆ ಸಾವಿರ ಡಾಲರ್ ಆಗುತ್ತದೆಂದು ಪತ್ರಿಕೆಗಳು ಬರೆದವು. ಜನವರಿ 27ರಂದು ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯಲ್ಲಿ ಸ್ಟೀವ್ ಜಾಬ್ಸ್ ಅದೇ 999ನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿ, ಅದನ್ನು ಬೀಳಿಸಿ 499 ತಂದರು. ಸಭೆ ಹರ್ಷೋದ್ಗಾರ ಮಾಡಿತು. ಐನೂರು ಡಾಲರ್ ಅವತ್ತು ಅಗ್ಗ ಅನ್ನಿಸಿದ್ದು ಸಾವಿರವೆಂಬ ಊಹೆ ಮೊದಲೇ ತಲೆಯಲ್ಲಿ ಕೂತಿದ್ದರಿಂದ. ಕಂಪನಿಗಳು ಬೇಕೆಂದೇ ಸುದ್ದಿ ಹೊರಬಿಡುತ್ತವೆ ಎಂದು ಆಪಲ್‌ನಲ್ಲಿ ದುಡಿದು ಹೊರಬಂದವರೊಬ್ಬರು ಅದೇ ದಿನಗಳಲ್ಲಿ ಬರೆದದ್ದೂ ಉಂಟು.

ಹಾಗಾದರೆ ಬಾಯಿ ಮುಚ್ಚಿಕೊಂಡಿದ್ದರೆ ಸರಿಹೋಗುತ್ತದೆಯೇ? ಇಲ್ಲ. ಕಂಪನಿ ಬಿಟ್ಟ ಸಂಖ್ಯೆ ಹೇಗೂ ಓಡಾಡುತ್ತದೆ. ಅದರ ಎದುರು ಇನ್ನೊಂದು ಸಂಖ್ಯೆ, ಲೆಕ್ಕ ಹಾಕಿ ತೆಗೆದದ್ದು, ಇರಬೇಕು. ಕಂಪನಿಯ ಸ್ವಂತ ಮಾತೂ ಇದಕ್ಕಿಂತ ಹೆಚ್ಚು ನಂಬುವಂಥದ್ದಲ್ಲ. ಏಳು ಅಂಗುಲದ ಟ್ಯಾಬ್‌ಗಳು ಹುಟ್ಟುವಾಗಲೇ ಸತ್ತಂತೆ ಎಂದು ಜಾಬ್ಸ್ 2010ರಲ್ಲಿ ಹೀಗಳೆದರು. ಎರಡು ವರ್ಷಕ್ಕೆ, ಅವರು ತೀರಿಕೊಂಡ ಮೇಲೆ, ಅದೇ ಕಂಪನಿ ಎಂಟು ಅಂಗುಲಕ್ಕೂ ಚಿಕ್ಕದಾದ ಐಪ್ಯಾಡ್ ಮಿನಿ ಮಾರಿತು. ಚಿಕ್ಕ ಐಪ್ಯಾಡ್ ಬರುತ್ತದೆ ಎಂದು ಪಟ್ಟುಹಿಡಿದು ಬರೆದವರೇ ಸರಿಯಾದರು. ಒಳ್ಳೆಯ ಬೆಲೆಯ ಊಹೆ ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತದೆ: ಇಷ್ಟಕ್ಕೆ ಕೊಟ್ಟರೆ ಇವರಿಗೆ ಗಿಟ್ಟುವುದು ಎಲ್ಲಿಂದ? ಅಮೆಜಾನ್‌ನ ಕಿಂಡಲ್ ಫೈರ್ 250 ಡಾಲರ್ ಎಂದು ಮುಂಚೆ ಸುದ್ದಿಯಿತ್ತು, 2011ರಲ್ಲಿ ಬಂದದ್ದು 199ಕ್ಕೆ. ಬಿಚ್ಚಿ ಬಿಡಿಭಾಗಗಳ ಲೆಕ್ಕ ಹಾಕಿದವರು ತಯಾರಿಕೆಗೇ ಇನ್ನೂರು ದಾಟುತ್ತದೆ ಎಂದರು. ಯಂತ್ರದಲ್ಲಿ ಲಾಭ ಬಿಟ್ಟು ಅದರ ಮೂಲಕ ಮಾರುವ ಪುಸ್ತಕ, ಸಿನಿಮಾಗಳಲ್ಲಿ ದುಡಿಯುವ ದಾರಿ ಅದು ಎಂದು ಓದುಗನಿಗೆ ಅರ್ಥವಾದದ್ದು ಈ ಲೆಕ್ಕದಿಂದ.

ಕಂಪನಿಯ ಗುಟ್ಟು ಬಯಲು ಮಾಡುವುದು ಕಳ್ಳತನ ಎಂದವರಿಗೆ ಒಂದೇ ಮಾತು. ಕದ್ದ ಯಂತ್ರವನ್ನು ನಾನು ಮುಟ್ಟುವುದಿಲ್ಲ. ಸಾರ್ವಜನಿಕ ನೋಂದಣಿ, ಹಳೆಯ ಬೆಲೆಗಳು, ಬಿಡುಗಡೆಯ ದಿನಗಳು ಯಾರ ಗುಟ್ಟೂ ಅಲ್ಲ.

ಅತಿ ಹೆಚ್ಚು ಮನಸ್ಸಿಗೆ ನಾಟಿದ ಆಕ್ಷೇಪ ಹಳ್ಳಿಯ ಕಾಲೇಜಿನ ಉಪನ್ಯಾಸಕಿಯೊಬ್ಬರದು: ಅಗ್ಗದ ಟ್ಯಾಬ್ ಬರುತ್ತದೆ ಎಂದು ಆಸೆ ಹುಟ್ಟಿಸಿ ಬಡಮಕ್ಕಳಿಗೆ ಮೋಸವಾಗುತ್ತದೆ, ಸರ್ಕಾರದ ಆಕಾಶ್ ಟ್ಯಾಬ್ ಕಥೆ ನೆನಪಿಲ್ಲವೇ ಎಂದು. ಅಮ್ಮಾ, ಚೆನ್ನಾಗಿ ನೆನಪಿದೆ. 2009ರ ಫೆಬ್ರುವರಿಯಲ್ಲಿ ಹತ್ತು ಡಾಲರಿನ ಲ್ಯಾಪ್‌ಟಾಪ್ ಎಂದು ತಿರುಪತಿಯಲ್ಲಿ ತೋರಿಸಿದ್ದು ಕೊನೆಗೆ ಮಾಹಿತಿ ತುಂಬಿಡುವ ಸಾಧನವಾಗಿತ್ತು. 2010ರ ಜುಲೈನಲ್ಲಿ ಸಚಿವ ಕಪಿಲ್ ಸಿಬಲ್ ತೋರಿಸಿದ ಟ್ಯಾಬ್‌ಗೆ ಹೇಳಿದ ಬೆಲೆ ₹1,500. 2011ರ ಅಕ್ಟೋಬರ್ 5ರಂದು ಆಕಾಶ್ ಬಿಡುಗಡೆಯಾದಾಗ ಸರ್ಕಾರ ಕೊಟ್ಟದ್ದು ಎರಡೂಕಾಲು ಸಾವಿರದ ಆಸುಪಾಸು, ಹೊರಗಿನ ಮಾರುಕಟ್ಟೆಗೆ ಹೇಳಿದ್ದು ₹2,999. ಒಳಗೆ 366 ಮೆಗಾಹರ್ಟ್ಸ್‌ನ ಪ್ರೊಸೆಸರ್, 256 ಎಂಬಿ ರ‍್ಯಾಮ್, ಒತ್ತಿ ಒತ್ತಿ ಬರೆಯಬೇಕಾದ ಪರದೆ. ಈ ಆಸೆಯನ್ನು ಹುಟ್ಟಿಸಿದ್ದು ಊಹೆ ಬರೆಯುವವರಲ್ಲ, ವೇದಿಕೆಯ ಮೇಲಿನ ಘೋಷಣೆ. ಪರದೆಯ ಬೆಲೆಯೇ ಎಷ್ಟು, ಬ್ಯಾಟರಿಗೆಷ್ಟು, ಉಳಿದ ದುಡ್ಡಿಗೆ ಎಂಥ ಚಿಪ್ ಸಿಗುತ್ತದೆ ಎಂದು ಲೆಕ್ಕ ಹಾಕಿ ಆಗಲೇ ಅನುಮಾನಪಟ್ಟವರ ಮಾತು ಇನ್ನಷ್ಟು ಜನರಿಗೆ ತಲುಪಬೇಕಿತ್ತು.

ಆಕಾಶ್ ಬಂದಾಗ ಅದರಲ್ಲಿದ್ದದ್ದು ಆಂಡ್ರಾಯ್ಡ್ 2.2. ಅದರಲ್ಲಿ ಕನ್ನಡ ಅಕ್ಷರವೇ ಮೂಡುತ್ತಿರಲಿಲ್ಲ, ಸಾಲುಸಾಲು ಖಾಲಿ ಚೌಕಗಳು ಕಾಣುತ್ತಿದ್ದವು. ದೇಶದ ಮಕ್ಕಳಿಗೆಲ್ಲ ಎಂದು ಹೊರಟ ಯಂತ್ರದ ಬಗ್ಗೆ ಬೆಲೆಯ ಚರ್ಚೆ ಊರೆಲ್ಲ ನಡೆಯಿತು, ಕನ್ನಡ ಕಾಣುತ್ತದೆಯೇ ಎಂದು ಕೇಳಿದವರು ಕಡಿಮೆ. ಉಪನ್ಯಾಸಕಿಯವರೇ, ಕನ್ನಡದಲ್ಲಿ ಊಹೆ ಬರೆಯುವವರು ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. 2021ರಲ್ಲಿ ನಮ್ಮ ರಾಜ್ಯದ ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷದಷ್ಟು ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಿದರು. ಅಂಥ ಖರೀದಿಗೆ ಮುಂಚೆ ಈ ಯಂತ್ರಕ್ಕೆ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ, ಪೆನ್ನಿನಲ್ಲಿ ಬರೆದ ಒತ್ತಕ್ಷರ ಗುರುತಿಸುತ್ತದೆಯೇ ಎಂದು ಕೇಳುವ ಅಭ್ಯಾಸ ನಮ್ಮ ಜನಕ್ಕೆ ಆಗಬೇಕು.

ನಮ್ಮವರ ಕಂಪನಿಗಳನ್ನು ಊಹೆಗಳು ಮುಳುಗಿಸುತ್ತವೆ ಎಂದವರು ಬೆಂಗಳೂರಿನ ನೋಷನ್ ಇಂಕ್ ಹೆಸರು ಎತ್ತಿದ್ದಾರೆ. 2010ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ಅವರು ಆಡಮ್ ಟ್ಯಾಬ್ ತೋರಿಸಿದಾಗ ನನಗೂ ಎದೆ ಉಬ್ಬಿತ್ತು. ಬಿಸಿಲಲ್ಲೂ ಓದಬಹುದಾದ ಪಿಕ್ಸೆಲ್ ಕ್ಯೂಐ ಪರದೆ, ತಿರುಗುವ ಕ್ಯಾಮೆರಾ, ಟೆಗ್ರಾ 2 ಚಿಪ್. ಕಂಪನಿಯೇ ಬಿಡಿಬಿಡಿಯಾಗಿ ವಿವರ ಕೊಡುತ್ತ ವರ್ಷವಿಡೀ ನಿರೀಕ್ಷೆ ಬೆಳೆಸಿತು. ಗಿರಾಕಿಗಳ ಕೈಗೆ ಅದು ತಲುಪಿದ್ದು 2011ರಲ್ಲಿ. ಅಷ್ಟರಲ್ಲಿ ಟ್ಯಾಬ್‌ಗಳಿಗೆಂದೇ ಮಾಡಿದ ಆಂಡ್ರಾಯ್ಡ್ 3.0 ಹೊಸ್ತಿಲಲ್ಲಿತ್ತು, ಆಡಮ್‌ನಲ್ಲಿದ್ದದ್ದು ಫೋನಿನ ಆಂಡ್ರಾಯ್ಡ್. ಹುಡುಗರ ಸಾಹಸ ದೊಡ್ಡದು, ಅದನ್ನು ನಾನು ಇವತ್ತಿಗೂ ಗೌರವಿಸುತ್ತೇನೆ. ಆದರೆ ಅದನ್ನು ಸೋಲಿಸಿದ್ದು ತಡ. ಆಂಡ್ರಾಯ್ಡ್ 3.0 ಬರುತ್ತಿದೆ ಎಂದು ಮೊದಲೇ ಎಚ್ಚರಿಸಿದವರ ಮೇಲೆ ಅದರ ತಪ್ಪು ಹೊರಿಸುವುದು ಸರಿಯಲ್ಲ.

"ಅಮೆರಿಕದ ಡಾಲರ್ ಬೆಲೆ ಹಿಡಿದುಕೊಂಡು ನಮಗೇನು?" ಎಂಬ ಪ್ರಶ್ನೆಗೆ ಉತ್ತರ ಸುಲಭ. ಅಲ್ಲಿಯ ಬೆಲೆಗೆ ತೆರಿಗೆ ಸೇರಿರುವುದಿಲ್ಲ, ನಮ್ಮ ಎಂಆರ್‌ಪಿಯಲ್ಲಿ 18% ಜಿಎಸ್‌ಟಿ ಸೇರಿರುತ್ತದೆ. ಡಾಲರಿಗೆ ₹85 ಎಂದಿಟ್ಟುಕೊಂಡು ಅದರ ಮೇಲೆ ಆ ತೆರಿಗೆ ಕೂಡಿಸಿದರೆ ಹೆಚ್ಚುಕಡಿಮೆ ₹100. ಹಾಗಾಗಿಯೇ 2025ರಲ್ಲಿ 349 ಡಾಲರಿನದು ಇಲ್ಲಿ ₹34,900, 499ರ ಮಿನಿ ₹49,900, 999ರ ಪ್ರೊ ₹99,900. ಇದು ತಿಳಿದವರಿಗೆ ಮುಂದಿನ ಡಾಲರ್ ಬೆಲೆ ಕೇಳಿದೊಡನೆ ತಮ್ಮ ಊರಿನ ಬೆಲೆ ಗೊತ್ತಾಗುತ್ತದೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ ಟ್ಯಾಬ್‌ಗಳೂ ಇಳಿಯುತ್ತವೆ ಎಂದು ಕಾದವರಿದ್ದರು. ಟ್ಯಾಬ್ ಮೊದಲೇ 18ರ ಹಂತದಲ್ಲಿತ್ತು, ಅಲ್ಲೇ ಉಳಿಯಿತು. 2023ರ ಆಗಸ್ಟ್ 3ರಂದು ಟ್ಯಾಬ್, ಲ್ಯಾಪ್‌ಟಾಪ್ ಆಮದಿಗೆ ಪರವಾನಗಿ ಬೇಕೆಂದು ಕೇಂದ್ರ ಸರ್ಕಾರ ಏಕಾಏಕಿ ಆದೇಶಿಸಿ, ಮರುದಿನವೇ ಅದನ್ನು ಅಕ್ಟೋಬರ್ ಕೊನೆಯವರೆಗೆ ಮುಂದೂಡಿತು. ಸರಕು ಸಿಗದೆ ಹೋಗುತ್ತದೆಂಬ ಭಯ ಆ ಒಂದು ದಿನದಲ್ಲೇ ಹರಡಿತು. ತಾಳಿ ಎಂದು ಹೇಳುವುದೂ ಊಹೆ ಬರೆಯುವವನ ಕೆಲಸವೇ.

ಇಷ್ಟು ಮಾತಾಡಿ ಊಹೆ ಮಾಡದೆ ಹೋದರೆ ತಪ್ಪಾಗುತ್ತದೆ. ಮುಂದೆ ಐಪ್ಯಾಡ್ ಮಿನಿಗೂ ಓಎಲ್‌ಇಡಿ ಪರದೆ ಬರುತ್ತದೆ ಎಂಬ ಸುದ್ದಿಯಿದೆ. ಅದು ಎರಡನೆಯ ದರ್ಜೆಯದು, ನಂಬಬಹುದು. ಬೆಲೆಯ ಮಾತು ನನ್ನದೇ. 11 ಅಂಗುಲದ ಪ್ರೊ ಓಎಲ್‌ಇಡಿಗೆ ಬದಲಾದಾಗ 799ರಿಂದ 999 ಡಾಲರಿಗೆ ಏರಿತು, ಆದರೆ ಸಂಗ್ರಹವೂ ಇಮ್ಮಡಿಯಾಯಿತು. ಮಿನಿಗೆ ಅಷ್ಟು ಏರಿಕೆ ತಾಳದು. ನೂರು ಡಾಲರ್ ಏರಿದರೆ ಇಲ್ಲಿ ಅರವತ್ತು ಸಾವಿರದ ಹತ್ತಿರ. ತಪ್ಪಾದರೆ ಇದೇ ಪುಟದಲ್ಲಿ ಹೇಳುತ್ತೇನೆ.

ಆಕ್ಷೇಪಗಳ ನಡುವೆ ಒಂದು ಕಾಗದ ಬೇರೆಯಾಗಿತ್ತು. ಚಿಕ್ಕಮಗಳೂರಿನ ಕಡೆಯ ಪ್ರಾಥಮಿಕ ಶಾಲೆಯ ಮೇಡಂ ಒಬ್ಬರು, ಮಗಳು ಜೂನ್‌ನಲ್ಲಿ ಬಿ.ಎಸ್ಸಿ. ಸೇರುತ್ತಾಳೆ, ಹೊಸ ಮಿನಿಗೆ ಕಾಯಲೇ ಎಂದು ಕೇಳಿದ್ದರು. ಕಾಯಬೇಡಿ ಮೇಡಂ ಎಂದು ಬರೆದೆ. ನೋಟ್ಸ್ ಬರೆಯಲು, ಪಾಠ ಓದಲು ₹34,900ರದ್ದು ಸಾಕು. ಪೆಟ್ಟಿಗೆಯ ಹಿಂಬದಿ ನೋಡಿ, 64 ಜಿಬಿ ಎಂದಿದ್ದರೆ ಅದು ಹಳೆಯ ತಲೆಮಾರಿನದು, ಆ ಬೆಲೆಗೆ ತೆಗೆದುಕೊಳ್ಳಬೇಡಿ. 128 ಎಂದಿದ್ದರೆ, ಎಂಆರ್‌ಪಿಗಿಂತ ಕಡಿಮೆಗೆ ಕೊಡುತ್ತಾರೋ ಎಂದು ಎರಡು ಅಂಗಡಿ ಕೇಳಿ, ಕೊಂಡುಬಿಡಿ.